ನಿದ್ರೆಯ ಎಲ್ಲೆ

"ಓದಿ, ಟೀಚರ್. ಜೋರಾಗಿಯೇ ಓದಿ. ನಿಮ್ಮ ಚಿತ್ತರಂಜನನದೇ ಅಕ್ಷರ ಅಲ್ವಾ?"

ಇನ್‌ಸ್ಪೆಕ್ಟರ್ ಮಹಾಬಲ ಚೀಟಿಯನ್ನು ಟೈಪ್‌ರೈಟರಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ತೋರುಬೆರಳಿನಿಂದ ಒತ್ತಿ ಹಿಡಿದ. ರತ್ನಾವತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಲಿಕ್ಕೆ ಅದರಲ್ಲಿ ಧೂಳೇನೂ ಇರಲಿಲ್ಲ. ಮನಸ್ಸಿಗೆ ಅಷ್ಟು ಹೊತ್ತು ಬೇಕಿತ್ತು.

ತಂಗಿಯ ಮಗನ ಅಕ್ಷರವೇ, ಸಂಶಯವಿಲ್ಲ. ಗಾಳಿಗೆ ಒರಗಿದ ಪೈರಿನ ಹಾಗೆ ಎಲ್ಲವೂ ಎಡಕ್ಕೆ ವಾಲಿದ್ದವು.

"ನಿದ್ರೆ ಎಲ್ಲೆ. ಭಾಗವತರು ಬಿಡುವುದಿಲ್ಲ. ಆದರೂ ನೋಡುವ."

"ತಾರೀಕು?"

"ಶನಿವಾರದ್ದು."

"ಶನಿವಾರ ಬರೆದಿದ್ದಾನೆ, ನಿದ್ರೆ ಎಲ್ಲೆ ಅಂತ. ಆದಿತ್ಯವಾರ ಮಧ್ಯಾಹ್ನ ಮೂರೂವರೆಗೆ ಇದೇ ಕೋಣೆಯಲ್ಲಿ ಹೃಷೀಕೇಶ ಭಟ್ಟರು ಶರ್ಬತ್ತು ಕುಡಿದು ನಿದ್ರೆ ಹೋದರು. ಇವತ್ತು ಮಂಗಳವಾರ, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ನಾನೂ ತುಳುವನೇ, ಟೀಚರ್. ಎಲ್ಲೆ ಅಂದರೆ ನಾಳೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಹದಿನೈದು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಕೂತು ಜೂನಿಯರ್ ಟೈಪಿಂಗ್ ಪರೀಕ್ಷೆಗೆ ಕುಟ್ಟಿದವನು ಮಹಾಬಲ. ಕಾನ್‌ಸ್ಟೇಬಲ್ ಎದುರಿಗಿದ್ದರೆ ಅವನಿಗೆ ರತ್ನಾವತಿ 'ನೀವು' ಎನ್ನುತ್ತಿದ್ದಳು. ಈಗ ಕಾನ್‌ಸ್ಟೇಬಲ್ ಕೆಳಗೆ ಜೀಪಿನಲ್ಲಿದ್ದ.

"ಎಲ್ಲೆ ಅಂದರೆ ನಾಳೆ, ಹೌದು. ತುಳುವಿನಲ್ಲಿ. ಈ ಚೀಟಿ ಯಾವ ಭಾಷೆಯಲ್ಲಿ ಉಂಟು ಮಹಾಬಲ?"

"ಕನ್ನಡದಲ್ಲಿ."

"ಉಳಿದದ್ದೆಲ್ಲ ಕನ್ನಡ, ಒಂದು ಶಬ್ದ ಮಾತ್ರ ತುಳುವಾ?"

"ಎಂತ ಟೀಚರ್, ನಾವು ದಿನಾ ಮಾತಾಡುವುದೇ ಹಾಗಲ್ವಾ? ಅರ್ಧ ತುಳು, ಅರ್ಧ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್."

ರತ್ನಾವತಿ ನಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಸೈಕ್ಲೋಸ್ಟೈಲ್ ಮಾಡಿದ ಒಂದು ಕಟ್ಟು ತಂದಳು. ಅದರ ಸ್ಟೆನ್ಸಿಲ್ ಅವಳೇ ಕುಟ್ಟಿದ್ದು, ಕಳೆದ ಮಳೆಗಾಲದಲ್ಲಿ. ಮೊದಲ ಹಾಳೆಯ ನೆತ್ತಿಯಲ್ಲಿ 'ಆಟದ ಕ್ರಮ' ಎಂದಷ್ಟೇ ಇತ್ತು.

ಆ ಆಟ ಈ ಕುದ್ರೋಳಿ ಕೇರಿಗೆ ಬಂದದ್ದೇ ಒಂದು ಕತೆ. ರಹ್ಮತ್ ಪಣಂಬೂರು ಬಂದರಿನಲ್ಲಿ ಕ್ರೇನ್ ಓಡಿಸುವವನು. ಎರಡು ವರ್ಷದ ಹಿಂದೆ ಪರದೇಶದ ಹಡಗಿನವನೊಬ್ಬನಿಗೆ ಅರ್ಧ ಡಜನ್ ಎಳನೀರಿನ ಬೊಂಡ ಕೊಟ್ಟು, ಅದಕ್ಕೆ ಬದಲಾಗಿ ಒಂದು ಇಂಗ್ಲಿಷ್ ಪುಸ್ತಕವನ್ನೂ ಇಪ್ಪತ್ತು ಮುಖದ ದಾಳಗಳನ್ನೂ ತಂದಿದ್ದ. ಮಣೆಯಿಲ್ಲ, ಕಾಯಿಗಳಿಲ್ಲ. ಮೇಜಿನ ಸುತ್ತ ಕೂತು ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಕತೆಯೊಳಗಿನ ಪಾತ್ರಗಳಾಗಿ ಮಾತಾಡುತ್ತಾರೆ, ಸೋಲು ಗೆಲುವನ್ನು ದಾಳ ಹೇಳುತ್ತದೆ. ತಾಳಮದ್ದಳೆಗೆ ದಾಳ ಸೇರಿಸಿದ ಹಾಗೆ ಎಂದು ರತ್ನಾವತಿಗೆ ಮೊದಲ ದಿನವೇ ತಿಳಿದಿತ್ತು. ಅದಕ್ಕೇ ಕತೆ ನಡೆಸುವ ಹೈಸ್ಕೂಲ್ ಮಾಸ್ಟರ್ ಹೃಷೀಕೇಶ ಭಟ್ಟನಿಗೆ 'ಭಾಗವತ' ಎಂಬ ಹೆಸರು ಬಿತ್ತು. ಚಿತ್ತರಂಜನ ಮಂತ್ರವಾದಿಯಾದ. ಹೋಟೆಲಿನ ಗುಣಪಾಲ ಖಡ್ಗದವನಾದ. ಆದಿತ್ಯವಾರ ಟೈಪಿಂಗ್ ಕ್ಲಾಸಿಗೆ ರಜೆ, ಕೋಣೆ ಅವರದ್ದಾಯಿತು.

"ಮಂತ್ರಗಳ ಪುಟ ನೋಡು. ಒಂದೊಂದು ಮಂತ್ರಕ್ಕೂ ಐದು ಸಾಲು. ನಿದ್ರೆ ಎಲ್ಲಿ ಉಂಟು, ನೀನೇ ಓದು."

ಮಹಾಬಲ ಕಣ್ಣು ಕಿರಿದು ಮಾಡಿ ಓದಿದ. "ನಿದ್ರೆ. ಮಾತು: ಮೂರು ಸಲ. ಮುದ್ರೆ: ಬಲ ಅಂಗೈ ಕೆಳಮುಖ. ಸಾಮಗ್ರಿ: ಮರಳು, ಒಂದು ಚಿಟಿಕೆ. ಎಲ್ಲೆ..."

ಅವನು ಹಾಳೆಯಿಂದ ತಲೆ ಎತ್ತಿದ.

"ಮುಂದೆ ಓದು ಮಾರಾಯ."

"ಎಲ್ಲೆ: ಮೂವತ್ತು ಮಾರು. ಅವಧಿ: ಐದು ಸುತ್ತು."

"ಎಲ್ಲೆ ಅಂದರೆ ಗಡಿ. ಮಂತ್ರ ಎಷ್ಟು ದೂರ ತಾಗ್ತದೆ ಅಂತ. ಆ ಗಡಿಯ ಒಳಗೆ ಇದ್ದವರೆಲ್ಲ ನಿದ್ರೆ ಹೋಗ್ತಾರೆ ಅಂತ ಇಂಗ್ಲಿಷ್ ಪುಸ್ತಕ ಹೇಳ್ತದೆ. ಎಲ್ಲ ಅಂದರೆ ಯಾರು? ಮಂತ್ರ ಹೇಳಿದವನೂ ಸೇರಿಯೇ? ಇದಕ್ಕೇ ಎರಡು ವಾರದಿಂದ ಇಲ್ಲಿ ಜಗಳ. ಅಂಗೈ ಯಾರ ಕಡೆಗೆ ಉಂಟೋ ಅವರಿಗೆ ಮಾತ್ರ ತಾಗುವುದು ಅಂತ ಚಿತ್ತ. ಒಲೆ ಊದಿದವನ ಕಣ್ಣಿಗೂ ಹೊಗೆ ಹೋಗ್ತದೆ ಅಂತ ಭಾಗವತ. ಹುಡುಗ ಬರೆದುಕೊಂಡದ್ದು ಅದನ್ನು. ನಿದ್ರೆಯ ಎಲ್ಲೆ, ಭಾಗವತರು ಬಿಡುವುದಿಲ್ಲ, ಆದರೂ ಕೇಳಿ ನೋಡುವ."

ಮಹಾಬಲ ಚೀಟಿಯಿಂದ ಬೆರಳು ತೆಗೆದ. ಪಕ್ಕದ ಹಾಳೆಯಲ್ಲಿ ಕಣ್ಣಾಡಿಸುತ್ತ ಹುಬ್ಬು ಏರಿಸಿದ.

"ಬೆಳಿಗ್ಗೆ ಮಂತ್ರ ಬಾಯಿಪಾಠ ಮಾಡತಕ್ಕದ್ದು. ಒಮ್ಮೆ ಹೇಳಿದ ಕೂಡಲೇ ಅದು ತಲೆಯಿಂದ ಅಳಿಸಿಹೋಗತಕ್ಕದ್ದು. ಇದೆಂತದು ಟೀಚರ್? ನಮ್ಮ ಕೋರ್ಟಿನ ಸಾಕ್ಷಿಗಳನ್ನು ನೋಡಿ ಬರೆದ ಹಾಗೆ ಉಂಟು!"

"ನಿನ್ನ ಸಾಕ್ಷಿ ಎಂತ ಹೇಳಿದ್ದಾನೆ?"

ನಗೆ ಹೋಯಿತು. ಮಹಾಬಲ ಪುನಃ ಇನ್‌ಸ್ಪೆಕ್ಟರನಾದ.

"ಗುಣಪಾಲ ಬರೆದುಕೊಟ್ಟಿದ್ದಾನೆ. ಆ ದಿನ ರಹ್ಮತ್‌ಗೆ ಶಿಫ್ಟು, ಬರಲಿಲ್ಲ. ನೀವು ವಾಮಂಜೂರಿನಲ್ಲಿ ನೆಂಟರ ಮನೆಯಲ್ಲಿ. ಇದ್ದದ್ದು ಮೂರೇ ಜನ. ಎಲ್ಲೆಯ ಜಗಳ, ಗಿಗಳ ಎಂತದ್ದೂ ತನಗೆ ಗೊತ್ತಿಲ್ಲ ಅಂತ ಅವನ ಹೇಳಿಕೆ. ಇನ್ನೊಂದು ಉಂಟು. ಚಿತ್ತರಂಜನ ಮರಳು ಹಾಕಲಿಲ್ಲ. ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಳಿ ಹುಡಿಯನ್ನು ಭಟ್ಟರ ಪುನರ್ಪುಳಿ ಹಣ್ಣಿನ ಶರ್ಬತ್ತಿಗೆ ಹಾಕಿದ. ಮೂರು ಸಲ ಮಂತ್ರ ಹೇಳಿದ. ಭಟ್ಟರು ಕುಡಿದರು."

"ಎದುರೇ ಹಾಕಿದನಾ? ಕಾಣುವ ಹಾಗೆ?"

"ಕಾಣುವ ಹಾಗೆ."

"ವಿಷ ಹಾಕುವವ ಹಾಗೆ ಹಾಕ್ತಾನಾ?"

"ಅದನ್ನೇ ನಾನೂ ಅವನ ಹತ್ತಿರ ಕೇಳಿದೆ. ನಿನ್ನೆ ಸಂಜೆಯಿಂದ ಕೇಳ್ತಾ ಇದ್ದೇನೆ. ಬಾಯಿಗೆ ಬೀಗ." ಮಹಾಬಲ ಟೋಪಿ ತಲೆಗಿಟ್ಟ. "ನಿಮ್ಮ ಪುಸ್ತಕದಲ್ಲಿ ಮರಳು ಅಂತ ಉಂಟು. ಶರ್ಬತ್ತಿಗೆ ಹುಡಿ ಹಾಕಬೇಕು ಅಂತ ಎಲ್ಲಿಯಾದರೂ ಉಂಟಾ? ಇದ್ದರೆ ತೋರಿಸಿ. ಭಟ್ಟರೇ ಮಾಡಿದ ಕ್ರಮ, ಭಟ್ಟರೇ ಕುಡಿದದ್ದು, ಇವ ಆಟ ಆಡಿದ ಅಂತ ನಾನು ಮೇಲಿನವರಿಗೆ ಹೇಳ್ತೇನೆ. ಇಲ್ಲದಿದ್ದರೆ ಅದು ವಿಷ ಹಾಕಿದ್ದು. ಐದು ಗಂಟೆಯ ತನಕ ಅವನು ಸ್ಟೇಷನ್ನಿನ ಬೆಂಚಿನ ಮೇಲೆ. ಐದಕ್ಕೆ ಅರೆಸ್ಟ್ ಬರೆಯಲೇಬೇಕು. ಭಟ್ಟರು ಏಳದೇ ಹೋದರೆ ಮತ್ತೆ ಸೆಕ್ಷನ್ನೇ ಬೇರೆ."

ಗೋಡೆಯ ಗಡಿಯಾರ ಮೂರು ಹೊಡೆಯಿತು.

"ಮಹಾಬಲ, ಭಟ್ಟರ ಖಾಕಿ ಚೀಲ ನಿಮಗೆ ಸಿಕ್ಕಿತಾ?"

"ಚೀಲವಾ?" ಅವನು ಬಾಗಿಲಲ್ಲಿ ನಿಂತು ತಿರುಗಿದ. "ಯಾವ ಚೀಲ?"

---

ಜೀಪು ಹೋದ ಮೇಲೂ ರತ್ನಾವತಿ ಎದ್ದು ನಿಲ್ಲಲಿಲ್ಲ. ಅವಸರದ ಕೈಗೆ ತಪ್ಪು ಹೆಚ್ಚು ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವಳು ಅವಳು.

ಆಟದಲ್ಲಿ ಎರಡು ಬಗೆಯ ಹಾಳೆಗಳಿದ್ದವು. ಸೈಕ್ಲೋಸ್ಟೈಲ್ ಆದದ್ದು ಎಲ್ಲರಿಗೂ. ಇನ್ನೊಂದು ಭಾಗವತನಿಗೆ ಮಾತ್ರ. ಗುಹೆಯೊಳಗೆ ಯಾರು ಅಡಗಿದ್ದಾರೆ, ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಜಗಳಕ್ಕೆ ಬಿದ್ದ ಕ್ರಮಗಳಿಗೆ ಅವನ ತೀರ್ಪು ಏನು, ಎಲ್ಲ ಅದರಲ್ಲಿ. ಆಡುವವರು ಅದನ್ನು ನೋಡಿದರೆ ಆಟ ಕೆಟ್ಟಿತು. ಶನಿವಾರ ಸಂಜೆ ಹೃಷೀಕೇಶ ಬಂದು ಅಂತಹ ಆರು ಹಾಳೆ ಟೈಪ್ ಮಾಡಿಸಿಕೊಂಡಿದ್ದ.

"ಕಾರ್ಬನ್ ಇಡಬೇಡಿ, ಟೀಚರ್," ಎಂದಿದ್ದ. "ಇದು ನಾನು, ನೀವು, ಮೇಲಿನ ದೇವರು, ಮೂರೇ ಜನ ನೋಡುವಂತದ್ದು."

ಶರ್ಬತ್ತಿನ ಮಾತು ಆ ಆರು ಹಾಳೆಗಳಲ್ಲಿ ಇರಲಿಲ್ಲ. ಅಕ್ಷರ ಅಕ್ಷರವೂ ಅವಳ ಬೆರಳಿನಡಿಯಿಂದಲೇ ಹೋದದ್ದು. ಆದರೆ ನಿದ್ರೆಯ ಎಲ್ಲೆಗೆ ಭಾಗವತ ಕೊಟ್ಟ ತೀರ್ಪು ಐದನೆಯ ಹಾಳೆಯಲ್ಲಿತ್ತು. ಆದಿತ್ಯವಾರ ಆಟ ಮುಗಿಯುವಾಗ ಓದಿ ಹೇಳುತ್ತೇನೆ ಎಂದಿದ್ದ. ಆಟ ಮುಗಿಯಲೇ ಇಲ್ಲ. ಹಾಳೆಗಳು ಖಾಕಿ ಚೀಲದಲ್ಲಿದ್ದವು, ಚೀಲ ಯಾರ ಕಣ್ಣಿಗೂ ಬಿದ್ದಿಲ್ಲ.

ಮೂರು ಜನರಲ್ಲಿ ಒಬ್ಬ ಆಸ್ಪತ್ರೆಯಲ್ಲಿ, ಒಬ್ಬ ಸ್ಟೇಷನ್ನಿನಲ್ಲಿ. ಅವಳು ಕೊಡೆ ಹಿಡಿದುಕೊಂಡು ಮೆಟ್ಟಲಿಳಿದಳು.

---

ಹಳೆ ಬಂದರಿನ ರಸ್ತೆಯ ಆ ಹೋಟೆಲು ಗುಣಪಾಲನ ಸೋದರಮಾವನದ್ದು. ಊಟದವರು ಹೋಗಿ, ಸಂಜೆಯ ಚಾದವರು ಇನ್ನೂ ಬಾರದ ಹೊತ್ತು. ಗುಣಪಾಲ ಒಳಗೆ ಬನ್ಸಿನ ಹಿಟ್ಟು ನಾದುತ್ತಿದ್ದ. ರತ್ನಾವತಿಯನ್ನು ಕಂಡವನೇ ಮೊಣಕೈ ತನಕ ಮೈದಾ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅದನ್ನು ಅವಳು ಗಮನಿಸಿದಳು. ಹಿಟ್ಟಿನ ಕೈಯನ್ನು ಯಾರಾದರೂ ಬೆನ್ನ ಹಿಂದೆ ಅಡಗಿಸುತ್ತಾರೆಯೇ?

"ಬನ್ನಿ ಟೀಚರ್, ಬನ್ನಿ. ಫಸ್ಟ್ ಕ್ಲಾಸ್ ಗೋಳಿಬಜೆ ಉಂಟು. ಬಿಸಿ."

"ಚಾ ಸಾಕು ಮಾರಾಯ. ಸಕ್ಕರೆ ಕಡಿಮೆ."

ಚಾ ಬಂತು. ಅವಳು ಬಸಿಗೆ ಬಗ್ಗಿಸಿ, ಊದಿ ಊದಿ, ಅರ್ಧ ಕುಡಿಯುವ ತನಕ ಒಂದು ಮಾತೂ ಆಡಲಿಲ್ಲ. ಮೌನವನ್ನು ಎಲ್ಲರೂ ತಾಳುವುದಿಲ್ಲ. ಗುಣಪಾಲನಂತೂ ಮೊದಲಿನಿಂದಲೂ ಬಾಯಿಯ ಮನುಷ್ಯ.

"ಚಿತ್ತನ ವಿಷಯ ಅಲ್ವಾ ಟೀಚರ್? ನನಗೂ ಬೇಜಾರು ಉಂಟು. ಆದರೆ ಕಂಡದ್ದನ್ನು ಕಂಡೆ ಅಂತಲೇ ಹೇಳಬೇಕಲ್ಲ."

"ಹೇಳಬೇಕು. ಜಗಳ ಎಂತದ್ದೂ ಇರಲಿಲ್ಲ ಅಂದಿಯಂತೆ?"

"ಯಾವ ಜಗಳ?"

"ನಿದ್ರೆ ಯಾರಿಗೆಲ್ಲ ತಾಗ್ತದೆ ಅಂತ."

"ಅಯ್ಯೋ, ನನಗೆ ಆ ಕ್ರಮಗಿಮ ಎಲ್ಲ ತಲೆಗೆ ಹೋಗುವುದಿಲ್ಲ. ನಾನು ಖಡ್ಗದವ. ದಾಳ ಹಾಕು ಅಂದರೆ ಹಾಕುವುದು, ಹೊಡಿ ಅಂದರೆ ಹೊಡೆಯುವುದು. ನೀವು ಕೊಟ್ಟ ಪುಸ್ತಕ ಸಹ ನಾನು ಬಿಡಿಸಿ ನೋಡಲಿಲ್ಲ, ದೇವರಾಣೆ."

"ಹಾಗಾದರೆ ಅದು ಆಟ ಆಗಿರಲಿಕ್ಕೂ ಸಾಕು, ಅಲ್ವಾ? ಮಂತ್ರವಾದಿ ಮಂತ್ರ ಹೇಳಿದ, ಸಾಮಗ್ರಿ ಹಾಕಿದ. ನೀನು ಕಂಡದ್ದು ಅಷ್ಟೇ."

"ಆಟವಾ!" ಗುಣಪಾಲ ಮುಂದಕ್ಕೆ ಬಾಗಿದ. ಅವಳನ್ನು ಒಪ್ಪಿಸುವ ಉತ್ಸಾಹದಲ್ಲಿ ಹಿಟ್ಟಿನ ಕೈಗಳು ಹೊರಗೆ ಬಂದವು. "ಆಟವೇ ಆಗಿದ್ದರೆ ಅವನೂ ಬೀಳಬೇಕಿತ್ತಲ್ಲ ಟೀಚರ್? ಮೂವತ್ತು ಮಾರು ಅಂದರೆ ಎಲ್ಲಿಂದ? ಮಂತ್ರವಾದಿಯ ಕಾಲ ಬುಡದಿಂದ. ಅಂದ ಮೇಲೆ ಮೊದಲು ತಾಗುವುದು ಅವನಿಗೇ. ತಲೆ ಮೇಜಿಗೆ ಇಟ್ಟು ಗೊರಕೆ ಹೊಡೆದ ಹಾಗೆ ಮಾಡಬೇಕಿತ್ತು. ಇವ ಕಣ್ಣು ಬಿಟ್ಟುಕೊಂಡು ಭಟ್ಟರನ್ನೇ ನೋಡ್ತಾ ಕೂತಿದ್ದ. ಅದಕ್ಕೇ ನಾನು ಹೇಳಿದ್ದು, ಅದು ಆಟ ಅಲ್ಲ ಅಂತ."

ರತ್ನಾವತಿ ಬಸಿಯನ್ನು ಕೆಳಗಿಟ್ಟಳು.

"ಎಲ್ಲಿಂದ ಅಂದಿ?"

"ಎಂತದು?"

"ಮೂವತ್ತು ಮಾರು. ಎಲ್ಲಿಂದ?"

"ಕಾಲ ಬುಡ..." ಅವನು ಕೈಗಳನ್ನು ಮತ್ತೆ ಬೆನ್ನ ಹಿಂದೆ ಒಯ್ದ.

"ಎಲ್ಲೆಯನ್ನು ಮಂತ್ರವಾದಿಯ ಕಾಲ ಬುಡದಿಂದಲೇ ಅಳೆಯತಕ್ಕದ್ದು. ಆದಕಾರಣ ಮೊದಲು ತಾಗುವುದು ಅವನಿಗೇ." ಅವಳು ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳಿದಳು. "ಭಾಗವತನ ಐದನೆಯ ಹಾಳೆ. ಶನಿವಾರ ಸಂಜೆ ಟೈಪ್ ಮಾಡಿದವಳು ನಾನು. ಕಾರ್ಬನ್ ಇಲ್ಲ, ಪ್ರತಿ ಇಲ್ಲ. ಆದಿತ್ಯವಾರದ ತನಕ ಅದು ಯಾರಿಗೂ ಗೊತ್ತಿರಲಿಲ್ಲ. ಪುಸ್ತಕವನ್ನೇ ಬಿಡಿಸಿ ನೋಡದವ ನೀನು, ಇದನ್ನು ಎಲ್ಲಿ ಓದಿದೆ ಗುಣಪಾಲ?"

ಒಳಗೆ ಯಾರೋ ಪಾತ್ರೆ ಕೆಳಗೆ ಹಾಕಿದರು. ಗುಣಪಾಲ ಬೆಚ್ಚಿದ.

"ಭಟ್ಟರೇ ಹೇಳಿದ್ದು."

"ಯಾವಾಗ?"

"ಆಗ... ಆಟ ಶುರುವಾಗುವ ಮೊದಲು."

"ಆಗ ಚಿತ್ತನೂ ಇದ್ದನಲ್ಲ. ಅವನಿಗೆ ಕೇಳಿಸಲಿಲ್ಲವಾ? ಕೇಳಿಸಿದ್ದರೆ ಜಗಳ ಆಗಬೇಕಿತ್ತು. ಜಗಳವೇ ಇರಲಿಲ್ಲ ಅಂತ ನೀನೇ ಬರೆದುಕೊಟ್ಟಿದ್ದಿ." ಅವಳ ದನಿ ಏರಲಿಲ್ಲ. "ಮಹಾಬಲನನ್ನು ಇಲ್ಲಿಗೇ ಕರೆಸಲಾ? ನಿನ್ನ ಮಾವ ಬರುವ ಹೊತ್ತೂ ಆಯ್ತು. ಇಬ್ಬರೂ ಒಟ್ಟಿಗೆ ಕೇಳಲಿ."

ಪೊಲೀಸಿನ ಹೆಸರಿಗಿಂತ ಮಾವನ ಹೆಸರೇ ಹೆಚ್ಚು ನಾಟಿತು. ಗುಣಪಾಲನ ಆರಡಿ ದೇಹ ಉಬ್ಬಿದ ಹಿಟ್ಟು ಇಳಿದ ಹಾಗೆ ಇಳಿಯಿತು.

"ನಾನು ವಿಷ ಹಾಕಿದವನಲ್ಲ ಟೀಚರ್."

"ಚೀಲ ತಾ."

ಅವನು ಉಗ್ರಾಣಕ್ಕೆ ಹೋಗಿ ಮೈದಾದ ಡ್ರಮ್ಮಿಗೆ ಮೊಣಕೈ ತನಕ ಕೈ ಇಳಿಸಿದ. ಖಾಕಿ ಚೀಲ ಬೂದಿ ಬಳಿದುಕೊಂಡ ಹಾಗೆ ಬೆಳ್ಳಗಾಗಿ ಬಂತು.

"ಭಟ್ಟರನ್ನು ರಿಕ್ಷಾಕ್ಕೆ ಹಾಕುವ ಗಲಾಟೆಯಲ್ಲಿ ಎತ್ತಿಕೊಂಡೆ. ಗುಹೆಯ ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ. ಅಷ್ಟೇ, ನನ್ನಾಣೆ! ಎರಡು ತಿಂಗಳಿಂದ ನನ್ನ ಖಡ್ಗದವ ಆ ಗುಹೆಯ ಬಾಗಿಲಿನಲ್ಲೇ ಪೆಟ್ಟು ತಿಂತಾ ಇದ್ದಾನೆ."

"ಮನುಷ್ಯ ಸಾಯುವ ಹಾಗೆ ಬಿದ್ದಿರುವಾಗ?"

"ಅವರು ಸಂಜೆಗೆ ಏಳ್ತಾರೆ ಅಂತ ಗ್ರಹಿಸಿದೆ. ಏಳಲಿಲ್ಲ. ಪೊಲೀಸು ಬಂತು. ಆಮೇಲೆ ಕೊಟ್ಟರೆ ಕಳ್ಳ ನಾನೇ ಆಗ್ತೇನೆ ಅಲ್ವಾ? ಮತ್ತೆ..." ಅವನು ಸುತ್ತ ನೋಡಿದ. "ಮತ್ತೆ ಕೊನೆಯ ಹಾಳೆ ಓದಿ ನನಗೆ ಹೆದರಿಕೆ ಆಯ್ತು."

"ಕೊನೆಯದು ಅಂದರೆ ಆರನೆಯದಾ?"

"ಏಳನೆಯದು."

ರತ್ನಾವತಿ ಹಾಳೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹಾಸಿದಳು. ಆರು ಅವಳವು. ಏಳನೆಯದು ಅದೇ ಕಾಗದ, ಅದೇ ಯಂತ್ರ. ಅವಳ ಯಂತ್ರದಲ್ಲಿ ದೀರ್ಘದ ಗುರುತು ಒಂದು ಕೂದಲೆಳೆ ಮೇಲಕ್ಕೆ ಬೀಳುತ್ತದೆ. ಇಲ್ಲಿಯೂ ಬಿದ್ದಿತ್ತು. ಆದರೆ ಅದನ್ನು ಅವಳು ಕುಟ್ಟಿರಲಿಲ್ಲ.

ನಿದ್ರೆ. ಈ ಆದಿತ್ಯವಾರಕ್ಕೆ ಮಾತ್ರ.
ಮಾತು: ಮೂರು ಸಲ.
ಮುದ್ರೆ: ಬಲಗೈ, ಲೋಟದ ಮೇಲೆ.
ಸಾಮಗ್ರಿ: ಮರಳಲ್ಲ. ನಾನು ಕೊಡುವ ಹುಡಿ, ಪೂರ್ತಿ, ಶರ್ಬತ್ತಿಗೆ.
ಎಲ್ಲೆ: ಭಾಗವತ ಒಬ್ಬನೇ.
ಅವಧಿ: ಕೇಳಬಾರದು.

ಇದೇ ಬೇಕಿತ್ತು. ಮಹಾಬಲ ಕೇಳಿದ ಕ್ರಮ, ಕೇಳಿದ ಹಾಗೆಯೇ.

ಇಷ್ಟು ಸರಿಯಾಗಿ ಬೇಕಾದದ್ದೇ ಸಿಗುತ್ತದೆಯೇ? ಗುಣಪಾಲ ತಾನೇ ಟೈಪ್ ಮಾಡಿ ಇಟ್ಟಿರಬಹುದೇ? ಅವಳು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಪರೀಕ್ಷೆಯ ಮೊದಲು ಮಕ್ಕಳ ಹಾಳೆಗಳನ್ನು ಹಾಗೆಯೇ ಹಿಡಿದು ನೋಡುವುದು ಅವಳ ಕ್ರಮ. ಯಾವ ಬೆರಳಿಗೆ ಬಲ ಉಂಟು, ಯಾವುದಕ್ಕೆ ಇಲ್ಲ ಎಂದು ಅಕ್ಷರದ ಕಪ್ಪೇ ಹೇಳುತ್ತದೆ.

ಎಡಗೈಯ ಕಿರುಬೆರಳಿಗೆ ಸೇರಿದ ಅಕ್ಷರಗಳೆಲ್ಲ ಮಸುಕು. ಉಳಿದವು ಕಡು ಕಪ್ಪು.

ಅವಳಲ್ಲಿ ಕಲಿತವರಲ್ಲಿ ಆ ಬೆರಳು ಮಡಚದವನು ಒಬ್ಬನೇ ಇದ್ದ. ಎಳವೆಯಲ್ಲಿ ಬಾವಿಯ ರಾಟೆಗೆ ಸಿಕ್ಕಿ ಅವನ ಕಿರುಬೆರಳು ಸೆಟೆದುಹೋಗಿತ್ತು. ಕಳೆದ ವರ್ಷ ಮೂರು ತಿಂಗಳು ಅವಳು ಆ ಬೆರಳನ್ನು ಪಳಗಿಸಲು ನೋಡಿ ಸೋತಿದ್ದಳು. ಶನಿವಾರ ಸಂಜೆ ಅವಳು ದೀಪ ಹಚ್ಚಲು ಹಿಂದಿನ ಮನೆಗೆ ಹೋದಾಗ, "ಒಮ್ಮೆ ಓದಿ ನೋಡ್ತೇನೆ ಟೀಚರ್" ಎಂದು ಯಂತ್ರದ ಎದುರು ಕೂತವನು ಅವನೇ. ಟಕ ಟಕ ಸದ್ದು ಕೇಳಿಸಿತ್ತು. ತಪ್ಪು ತಿದ್ದುತ್ತಿದ್ದಾನೆ ಎಂದುಕೊಂಡಿದ್ದಳು.

ಹೃಷೀಕೇಶ.

ತನ್ನ ನಿದ್ರೆಯನ್ನು ತಾನೇ ಟೈಪ್ ಮಾಡಿಕೊಂಡಿದ್ದ.

"ಯಾರದ್ದು ಟೀಚರ್? ಗೊತ್ತಾಯ್ತಾ?" ಗುಣಪಾಲ ಅವಳ ಮುಖವನ್ನೇ ನೋಡುತ್ತಿದ್ದ. ಒಂದು ಗಳಿಗೆ ಅವನ ಕಣ್ಣಿನಲ್ಲಿ ಹೆದರಿಕೆಯ ಬದಲು ಬೇರೇನೋ ಇದ್ದ ಹಾಗೆ ಕಂಡಿತು. ಅಳತೆ ಹಾಕುವವನ ಕಣ್ಣು.

"ಕೈ ತೊಳೆದುಕೋ," ಎಂದಳು ರತ್ನಾವತಿ. "ನನ್ನೊಟ್ಟಿಗೆ ಬಾ."

---

ಸ್ಟೇಷನ್ನಿನಲ್ಲಿ ನಾಲ್ಕೂ ಮುಕ್ಕಾಲು ಗಂಟೆ. ಗುಣಪಾಲ ತಲೆ ತಗ್ಗಿಸಿ ಚೀಲದ ಕತೆ ಹೇಳಿ ಮುಗಿಸಿದ. ಮಹಾಬಲ ಏಳನೆಯ ಹಾಳೆಯನ್ನು ಮೂರು ಸಲ ಓದಿದ. ಮತ್ತೆ ಆಟದ ಕ್ರಮದ ಕಟ್ಟಿನೊಟ್ಟಿಗೆ ಹಿಡಿದು ಸಾಲು ಸಾಲಾಗಿ ಹೋಲಿಸಿದ.

"ಮಾತು, ಮುದ್ರೆ, ಸಾಮಗ್ರಿ. ಎಲ್ಲ ಕ್ರಮಪ್ರಕಾರ. ಕುಟ್ಟಿದ್ದು ಭಟ್ಟರೇ ಅಂತ ಕೋರ್ಟಿನಲ್ಲಿ ಹೇಳ್ತೀರಾ?"

"ಹೇಳ್ತೇನೆ. ಆ ಬೆರಳಿನ ಹಾಳೆಗಳು ಇನ್ನೂ ಮೂವತ್ತು ನನ್ನ ಕಪಾಟಿನಲ್ಲಿ ಉಂಟು."

ಮಹಾಬಲ ಕುರ್ಚಿಗೆ ಒರಗಿ ಮೀಸೆ ತಿಕ್ಕಿದ. "ಆದರೆ ಯಾಕೆ ಟೀಚರ್? ಊರಿಗೆ ಬೇಕಾದ ಮನುಷ್ಯ. ಒಬ್ಬರ ಹತ್ತಿರ ಗಟ್ಟಿ ಮಾತಾಡಿದವರಲ್ಲ. ತನಗೇ ಹುಡಿ ಹಾಕಿಸಿಕೊಳ್ಳುವಂತದ್ದು ಎಂತ ಬಂತು?"

"ಅದನ್ನು ಅವನೇ ಹೇಳಬೇಕು."

"ಹೇಳಿಯಾರು. ಈಗಷ್ಟೇ ಆಸ್ಪತ್ರೆಯಿಂದ ಫೋನು ಬಂತು. ಮೂರು ಗಂಟೆಗೆ ಬೆರಳು ಅಲ್ಲಾಡಿಸಿದ್ದಾರಂತೆ. ರಾತ್ರಿಯ ಒಳಗೆ ಎಚ್ಚರ ಆಗಬಹುದು ಅಂತ ಡಾಕ್ಟರು." ಅವನು ಅರೆಸ್ಟಿನ ಕಾಗದವನ್ನು ಎತ್ತಿ ಡ್ರಾಯರಿಗೆ ಹಾಕಿದ. "ಹುಡುಗನನ್ನು ಕರೆದುಕೊಂಡು ಹೋಗಿ. ಊರು ಬಿಟ್ಟು ಹೋಗಬಾರದು, ಅಷ್ಟೇ. ಎಂತ ಮಾರಾಯ್ರೆ, ಸುಮ್ಮನೆ ಎರಡು ದಿನ ನಮ್ಮ ನಿದ್ರೆ ಹಾಳು!"

ರತ್ನಾವತಿಗೆ ಆದಿತ್ಯವಾರದಿಂದ ಎದೆಯ ಮೇಲಿದ್ದ ಕಡೆಯುವ ಕಲ್ಲು ಇಳಿದ ಹಾಗಾಯಿತು. ಚಿತ್ತರಂಜನ ಇಪ್ಪತ್ತನಾಲ್ಕರವನು. ತಂಗಿ ತೀರಿಕೊಂಡ ಮೇಲೆ ಅವಳ ಮಡಿಲಲ್ಲೇ ಬೆಳೆದವನು.

ಅವನು ಬಂದ. ಎರಡು ದಿನದ ಗಡ್ಡ, ಮುದ್ದೆಯಾದ ಅಂಗಿ. ದೊಡ್ಡಮ್ಮನನ್ನು ಕಂಡು ಮುಖ ಅರಳಿತು. ಮೇಜಿನ ಮೇಲೆ ಹಾಸಿದ್ದ ಹಾಳೆ ಕಂಡಿತು. ಅರಳಿದ ಮುಖ ಹಾಗೆಯೇ ನಿಂತುಬಿಟ್ಟಿತು.

"ಮನೆಗೆ ನಡಿ ಮಗಾ," ಎಂದಳು ಅವಳು. "ಎಲ್ಲ ಗೊತ್ತಾಯ್ತು. ಭಾಗವತನೇ ಬರೆದ ಕ್ರಮ, ನೀನು ಅದರ ಪ್ರಕಾರ ಆಡಿದಿ. ಅದನ್ನು ಮೊದಲೇ ಹೇಳ್ಲಿಕ್ಕೆ ನಿನಗೆಂತ ಆಗಿತ್ತು?"

ಚಿತ್ತರಂಜನ ಮಹಾಬಲನ ಕಡೆ ತಿರುಗಿದ.

"ಭಟ್ಟರು ಎದ್ದರಾ ಸರ್?"

"ಇನ್ನೂ ಇಲ್ಲ. ರಾತ್ರಿಯೊಳಗೆ ಏಳ್ತಾರೆ. ಹೆದರಬೇಡ, ಅವರು ಎದ್ದು ಎರಡು ಮಾತು ಹೇಳಿದರೆ ನಿನ್ನ ಮೇಲೆ ಎಂತದ್ದೂ ಇಲ್ಲ."

ಚಿತ್ತರಂಜನ ಹಾಳೆಯನ್ನು ಮಹಾಬಲನ ಕಡೆಗೆ ಸರಿಸಿದ. ಮತ್ತೆ ಅವನು ಆಡಿದ ಮಾತು ಸಣ್ಣದಾಗಿತ್ತು, ಆದರೆ ನಡುಗಲಿಲ್ಲ.

"ಈ ಹಾಳೆ ನಾನು ನೋಡಿದ್ದೇ ಇಲ್ಲ. ಹುಡಿ ನನ್ನದು. ನಾನೇ ತಂದದ್ದು, ಕೊಲ್ಲಬೇಕು ಅಂತಲೇ ಹಾಕಿದ್ದು. ಬರೆದುಕೊಳ್ಳಿ ಸರ್. ಸೈನು ಹಾಕ್ತೇನೆ."

ಮಹಾಬಲ ಎದ್ದೇಬಿಟ್ಟ.

"ತಲೆ ಸರಿ ಉಂಟಾ ನಿನಗೆ? ಬಿಡ್ತೇನೆ ಅಂತ ಹೇಳ್ತಾ ಇದ್ದೇನೆ!"

"ಬಿಡಬೇಡಿ ಸರ್."

ರತ್ನಾವತಿ ಹತ್ತಿರ ಹೋಗಿ ಅವನ ಎರಡೂ ತೋಳು ಹಿಡಿದಳು. "ಯಾರನ್ನು ಉಳಿಸ್ಲಿಕ್ಕೆ ಹೊರಟಿದ್ದಿ ಚಿತ್ತ? ಈ ಗುಣಪಾಲನನ್ನಾ? ಆ ಹೃಷೀಕೇಶನನ್ನಾ?"

ಅವನು ಅವಳ ಹೆಗಲಿಗೆ ತಲೆ ಆನಿಸಿದ, ಅಳುವವನ ಹಾಗೆ. ಆದರೆ ಅಳಲಿಲ್ಲ. ಮನೆಯ ತುಳುವಿನಲ್ಲಿ, ಅವಳೊಬ್ಬಳಿಗೇ ಕೇಳುವಷ್ಟು ತಗ್ಗಿನ ದನಿಯಲ್ಲಿ ಹೇಳಿದ:

"ನನ್ನನ್ನು, ದೊಡ್ಡಮ್ಮ. ಭಟ್ಟರು ಕಣ್ಣು ಬಿಡುವುದರೊಳಗೆ ನನ್ನನ್ನು ಲಾಕಪ್ಪಿಗೆ ಹಾಕಿಸಿಬಿಡಿ. ಹೊರಗೆ ಇದ್ದರೆ ಅವರ ಕೈಯಿಂದ ನಾನು ಉಳಿಯುವುದಿಲ್ಲ."